ಘಟ್ಟ ಇಳಿದ ಕಿವಿಗೆ ವಿಮಾನ ಹೊಸದಲ್ಲ

ಕಿವಿಯಲ್ಲಿ ಸದಾ ಮೊರೆತ ಇರುವವರು ಮೊದಲ ವಿಮಾನ ಪ್ರಯಾಣಕ್ಕೆ ಮುಂಚೆ ಶಿರಸಿಯ ನನ್ನ ಚಿಕಿತ್ಸಾಲಯಕ್ಕೆ ಬಂದಾಗ, ಕಿವಿ ನೋಡುವ ಮೊದಲೇ ನಾನು ಕೇಳುವ ಪ್ರಶ್ನೆ ಒಂದಿದೆ: ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ನಿಮ್ಮ ಕಿವಿ ಏನು ಮಾಡುತ್ತದೆ? ‘ನಡುದಾರಿಯಲ್ಲಿ ಕಟ್ಟಿದ ಹಾಗಾಗುತ್ತದೆ, ಉಗುಳು ನುಂಗಿದರೆ ಟಪ್ ಎಂದು ಬಿಡುತ್ತದೆ’ ಎಂದರೆ ಅರ್ಧ ಚಿಂತೆ ಕಳೆಯಿತು. ‘ಊರು ಮುಟ್ಟಿದರೂ ಬಿಡುವುದಿಲ್ಲ, ಮರುದಿನದವರೆಗೂ ಗವ್ವೆನ್ನುತ್ತದೆ’ ಎಂದರೆ ಟಿಕೆಟ್ ಯಾವ ತಾರೀಖಿಗೆ ಎಂದು ವಿಚಾರಿಸುತ್ತೇನೆ.

ಅವರು ಕೇಳಲು ಬಂದದ್ದು ಬೇರೆಯೇ. ವಿಮಾನದ ಸದ್ದಿಗೆ ಕಿವಿಯ ಮೊರೆತ ಹೆಚ್ಚಾಗಿ ಹಾಗೆಯೇ ಉಳಿದುಬಿಟ್ಟರೆ ಎಂಬುದು ಅವರ ಭಯ. ಇಲ್ಲಿ ಎರಡು ಸಂಗತಿಗಳು ಕಲಸಿಕೊಂಡಿವೆ. ವೈದ್ಯರು ಟಿನಿಟಸ್ ಎನ್ನುವ ಮೊರೆತ ಹೆಚ್ಚಿನವರಲ್ಲಿ ಹುಟ್ಟುವುದು ಒಳಕಿವಿ ಸವೆದಾಗ. ಕಿವಿಯಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ಕಡೆಯಿಂದ ಸಂವೇದನೆಯನ್ನು ಏರಿಸಿಕೊಳ್ಳುತ್ತದೆ, ಇಲ್ಲದ ಸದ್ದು ಕೇಳಿಸತೊಡಗುತ್ತದೆ. ವಿಮಾನದ ಒತ್ತಡ ಬದಲಾದಾಗ ಪೆಟ್ಟು ತಿನ್ನುವುದಾದರೆ ಮುಖ್ಯವಾಗಿ ಮಧ್ಯಕಿವಿ, ಅಂದರೆ ಕಿವಿತಮಟೆಯ ಹಿಂದಿರುವ ಗಾಳಿಯ ಚಿಕ್ಕ ಕೋಣೆ. ಮಧ್ಯಕಿವಿ ಕಟ್ಟಿಕೊಂಡರೆ ಹೊರಗಿನ ಶಬ್ದ ಒಳಗೆ ಬರುವುದು ಕಡಿಮೆಯಾಗಿ ಮೊರೆತ ಎದ್ದು ಕೇಳಿಸುತ್ತದೆ, ನಿಜ. ಕಿವಿ ಬಿಟ್ಟ ಮೇಲೆ ಸಾಮಾನ್ಯವಾಗಿ ಅದು ಹಳೆಯ ಮಟ್ಟಕ್ಕೇ ಇಳಿಯುತ್ತದೆ.

ಸದ್ದಿನ ಮಾತಿಗೆ ಬಂದರೆ ಮಲೆನಾಡಿನವರಿಗೆ ಹೇಳಿಕೊಡಬೇಕಾದದ್ದು ಹೆಚ್ಚೇನಿಲ್ಲ. ‘ಮಳೆಗಾಲದಲ್ಲಿ ಅಡ್ಡಿಯಿಲ್ಲ ಡಾಕ್ಟರೇ, ಚಳಿ ಶುರುವಾದರೆ ರಾತ್ರಿ ಜೀರುಂಡೆ ತಲೆಯೊಳಗೇ ಕೂಗುತ್ತದೆ’ ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಹಂಚಿನ ಮೇಲೆ ಸುರಿಯುವ ಮಳೆ ಮೊರೆತವನ್ನು ಮುಚ್ಚಿಹಾಕುತ್ತದೆ, ಡಿಸೆಂಬರಿನ ನಿಶ್ಶಬ್ದ ಅದನ್ನು ಬಯಲಿಗೆ ಎಳೆಯುತ್ತದೆ. ಹಾರುವ ವಿಮಾನದೊಳಗೆ ಸುಮಾರು 80 ಡೆಸಿಬಲ್‌ನ ಒಂದೇ ಸಮನೆಯ ಹಮ್ಮು ಇರುತ್ತದೆ, ಅನೇಕರಿಗೆ ಅಲ್ಲಿ ತಮ್ಮ ಮೊರೆತ ಕೇಳಿಸುವುದೇ ಇಲ್ಲ. ಕೆಲಸದ ಸ್ಥಳಗಳಿಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ದಿನಕ್ಕೆ ಎಂಟು ಗಂಟೆ, 85 ಡೆಸಿಬಲ್. ಬೆಂಗಳೂರಿಗೆ ಹಾರುವ ಒಂದು ಗಂಟೆ ಅದರ ಹತ್ತಿರವೂ ಸುಳಿಯುವುದಿಲ್ಲ.

ಹಾಗಿದ್ದೂ ಜನ ಮಾಡುವ ಮೊದಲ ಕೆಲಸ ಕಿವಿಗೆ ಹತ್ತಿ ತುರುಕುವುದು. ಯಕ್ಷಗಾನದ ಚಂಡೆ ವಾದಕರೊಬ್ಬರು ಮೇಳದೊಂದಿಗೆ ಹೊರದೇಶಕ್ಕೆ ಹೊರಟಿದ್ದರು. ರಾತ್ರಿಯಿಡೀ ಚಂಡೆ ನುಡಿಸುವಾಗ ಕಿವಿಗೆ ಏನನ್ನೂ ಇಡದವರು, ವಿಮಾನಕ್ಕೆಂದು ಎರಡು ಜೊತೆ ಇಯರ್‌ಪ್ಲಗ್ ಕೊಂಡಿದ್ದರು. ನಾನು ಹೇಳಿದ್ದು ಅದನ್ನು ತಿರುಗಿಸಿ ಮಾಡಿ ಎಂದು. ಆಟಕ್ಕೆ ಪ್ಲಗ್ ಬೇಕು. ವಿಮಾನದಲ್ಲಿ ಉದ್ದಕ್ಕೂ ಹಾಕಿಕೊಂಡರೆ ಹೊರಗಿನ ಹಮ್ಮು ಅಡಗಿ ಒಳಗಿನದು ಮೇಲೇಳುತ್ತದೆ. ಶಬ್ದ ತಗ್ಗಿಸುವ ಹೆಡ್‌ಫೋನ್ ಇದ್ದವರು ಅದನ್ನು ಖಾಲಿ ಬಿಡದೆ ಸಣ್ಣ ದನಿಯಲ್ಲಿ ಏನಾದರೂ ಹಾಕಿಕೊಳ್ಳಲಿ. ಎಂಜಿನ್ ಸದ್ದೇ ಕಿರಿಕಿರಿ ಎನ್ನುವವರು ಜೆಟ್ ವಿಮಾನದಲ್ಲಿ ರೆಕ್ಕೆಗಿಂತ ಮುಂದಿನ ಸೀಟು ಹಿಡಿಯಬಹುದು. ರೆಕ್ಕೆಗೆ ಪಂಖವಿರುವ ಚಿಕ್ಕ ವಿಮಾನವಾದರೆ ಹಿಂದಿನ ಸಾಲುಗಳೇ ವಾಸಿ.

ಇನ್ನು ನಾನು ನಿಜವಾಗಿ ಗಮನ ಕೊಡುವ ವಿಷಯ, ಇಳಿಯುವ ಹೊತ್ತು. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಯುಸ್ಟೇಷಿಯನ್ ನಾಳ ಎಂಬ ಕಿರಿದಾದ ದಾರಿಯಿದೆ. ಅದು ಸದಾ ಮುಚ್ಚಿಕೊಂಡೇ ಇದ್ದು, ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಮೇಲೇರುವಾಗ ಹಿಗ್ಗಿದ ಗಾಳಿ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕು, ಅದಕ್ಕೆ ನಾವೇ ನಾಳ ತೆರೆಯಬೇಕು. ತಡಮಾಡಿದರೆ ಒತ್ತಡದ ವ್ಯತ್ಯಾಸವೇ ನಾಳವನ್ನು ಒತ್ತಿ ಹಿಡಿಯುತ್ತದೆ, ಆಮೇಲೆ ಎಷ್ಟು ನುಂಗಿದರೂ ತೆರೆಯುವುದಿಲ್ಲ.

ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಒತ್ತಡವನ್ನು ಹೆಚ್ಚೆಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ನಿಲ್ಲಿಸಿರುತ್ತಾರೆ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಗೋವಾದಲ್ಲಿ ಇಳಿಯುವ ವಿಮಾನ ನಿಮ್ಮ ಕಿವಿಯನ್ನು ಅರ್ಧ ಗಂಟೆಯೊಳಗೆ ಮೂರು ನಾಲ್ಕು ಘಟ್ಟಗಳಷ್ಟು ಇಳಿಸುತ್ತದೆ ಎಂದಾಯಿತು. ಬೆಂಗಳೂರಿನ ನಿಲ್ದಾಣ 900 ಮೀಟರಿಗೂ ಮೇಲಿದೆ. ಹಾಗಾಗಿ ಗೋವಾದಿಂದ ಬೆಂಗಳೂರಿಗೆ ಹೋದ ಕಾರವಾರದವರಿಗೆ ಹೋಗುವಾಗಿನದಕ್ಕಿಂತ ಬರುವಾಗ ಕಿವಿಗೆ ಕೆಲಸ ಜಾಸ್ತಿ. ‘ಹೋಗುವಾಗ ಏನೂ ಆಗಲಿಲ್ಲ’ ಎಂದು ಮರಳುವಾಗ ನಿದ್ದೆ ಮಾಡಿದವರೇ ಕಿವಿ ಹಿಡಿದುಕೊಂಡು ಬರುತ್ತಾರೆ.

ಆದ್ದರಿಂದ ವಿಮಾನ ಇಳಿಯಲಾರಂಭಿಸಿದೆ ಎಂಬ ಘೋಷಣೆ ಕೇಳಿದ ಕೂಡಲೇ, ಕಿವಿ ಕಟ್ಟುವುದಕ್ಕೆ ಮೊದಲೇ, ನುಂಗಲು ಶುರುಮಾಡಿ. ಎಚ್ಚರವಾಗಿರಿ. ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಬಾಯಲ್ಲಿದ್ದರೆ ಜೊಲ್ಲಿಗೆ ಕೊರತೆಯಿಲ್ಲ. ಎಲೆಯಡಿಕೆಯ ಕವಳ ಹಾಕಬಹುದೇ ಎಂದು ಕೇಳುವವರಿಗೆ, ವಿಮಾನದ ಕಿಟಕಿ ತೆರೆಯುವುದಿಲ್ಲ ಎಂದಷ್ಟೇ ನೆನಪಿಸುತ್ತೇನೆ. ಸಾಲದಿದ್ದರೆ ಮೂಗು ಹಿಡಿದು ಒಂದು ಗುಟುಕು ನೀರು ನುಂಗಿ. ಮೂಗು, ಬಾಯಿ ಮುಚ್ಚಿ ಗಾಳಿ ಊದುವ ವಿಧಾನವೂ ಇದೆ, ಮೆಲ್ಲಗೆ ಮಾತ್ರ. ಬಲವಂತ ಮಾಡಿದರೆ ಒಳಕಿವಿಗೇ ಏಟು ಬೀಳಬಹುದು.

ನೆಗಡಿ ಇದ್ದಾಗ ನಾಳದ ಬಾಯಿ ಊದಿಕೊಂಡಿರುತ್ತದೆ. ಸಾಧ್ಯವಾದರೆ ಪ್ರಯಾಣ ಮುಂದೂಡಿ. ಆಗದಿದ್ದರೆ ಇಳಿಯುವುದಕ್ಕೆ ಅರ್ಧ ಗಂಟೆ ಮೊದಲು ಮೂಗಿಗೆ ಬಿಡುವ ಆಕ್ಸಿಮೆಟಜೋಲಿನ್‌ನಂಥ ಔಷಧ ಕೆಲವರಿಗೆ ನೆರವಾಗುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಕೇಳದೆ ಬಳಸಬಾರದು. ಹೊರಡುವ ಹಿಂದಿನ ದಿನ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ಪದ್ಧತಿ ನಮ್ಮಲ್ಲಿ ಹೋಗಿಲ್ಲ, ದಯವಿಟ್ಟು ಬೇಡ. ಗುಗ್ಗೆ ತುಂಬಿದೆ ಎನಿಸಿದರೆ ಒಂದು ವಾರ ಮೊದಲೇ ತೋರಿಸಿ ತೆಗೆಸಿಕೊಳ್ಳಿ.

ಕೆಲವರು ಮಾತ್ರ ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕಾಣಬೇಕು. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯ ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರೆ, ಜೊತೆಗೆ ತಲೆ ತಿರುಗುತ್ತಿದ್ದರೆ, ಇತ್ತೀಚೆಗೆ ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ. ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರಂತೂ ಅದು ತುರ್ತು ಚಿಕಿತ್ಸೆಯ ಮಾತು, ಪ್ರಯಾಣದ್ದಲ್ಲ. ವಿಚಿತ್ರವೆಂದರೆ ತಮಟೆಯಲ್ಲಿ ತೂತು ಇರುವವರಿಗೆ ಒತ್ತಡದ ಕಾಟವೇ ಇರುವುದಿಲ್ಲ, ಗಾಳಿ ಅಲ್ಲಿಂದಲೇ ಹೋಗಿ ಬರುತ್ತದೆ.

ಶ್ರವಣ ಯಂತ್ರವನ್ನು ತೆಗೆಯಬೇಕಿಲ್ಲ, ತಪಾಸಣೆಯಲ್ಲೂ ಹಾರಾಟದಲ್ಲೂ ಹಾಕಿಕೊಂಡೇ ಇರಬಹುದು. ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲಿರಲಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಸಣ್ಣ ಗುಳಿಗೆಯನ್ನು ಮೊರೆತದ ಭಯದಿಂದ ನೀವಾಗಿಯೇ ನಿಲ್ಲಿಸಬೇಡಿ. ಕಾಫಿಯನ್ನೂ ಅಷ್ಟೇ, ಅಭ್ಯಾಸವಿದ್ದಷ್ಟು ಕುಡಿಯಿರಿ. ಮೊರೆತ ಕೆರಳಿಸುವುದರಲ್ಲಿ ನಿದ್ದೆಗೇಡಿಗೆ ಮೊದಲ ಸ್ಥಾನ. ಬೆಳಗಿನ ಜಾವದ ವಿಮಾನಕ್ಕೆಂದು ನಡುರಾತ್ರಿ ಮನೆ ಬಿಟ್ಟು ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಬದಲು ಮಧ್ಯಾಹ್ನದ್ದನ್ನು ಹುಡುಕಿ.

ಇಳಿದ ಮೇಲೆ ಕಿವಿ ಕೆಲವು ಗಂಟೆ ಕಟ್ಟಿಕೊಂಡಿದ್ದರೆ ಕಾಯಬಹುದು. ಎರಡು ಮೂರು ದಿನವಾದರೂ ಬಿಡದಿದ್ದರೆ ತೋರಿಸಿ. ತೀವ್ರ ನೋವು, ರಕ್ತ, ತಲೆ ತಿರುಗು, ಕೇಳಿಸುವುದು ಪೂರಾ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಇದ್ದರೂ ಊರಿಗೆ ಮರಳುವವರೆಗೆ ಕಾಯದೆ ಇಳಿದ ಊರಿನಲ್ಲೇ ಕಿವಿ ವೈದ್ಯರ ಬಳಿ ಅಂದೇ ಹೋಗಿ.