‘ಹಾಡಿಗೆ ಬೇಕಾದಷ್ಟು ನುಡಿಸು’ ಎಂದರೆ ಎಷ್ಟು?

ಪ್ರಶ್ನೆ: ಮೂರು ವರ್ಷಗಳಿಂದ ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ತಂತಿಯನ್ನು ಬಡಿದು ನುಡಿಸುವ ಸ್ಲ್ಯಾಪ್ ಬರುತ್ತದೆ, ವೇಗವಾಗಿ ನುಡಿಸಲೂ ಬರುತ್ತದೆ. ಆದರೆ ನಮ್ಮ ಬ್ಯಾಂಡಿನಲ್ಲಿ ನಾನು ಏನು ನುಡಿಸಿದರೂ ‘ಅಷ್ಟೆಲ್ಲ ಬೇಡ, ಹಾಡಿಗೆ ಎಷ್ಟು ಬೇಕೋ ಅಷ್ಟು ನುಡಿಸು’ ಎನ್ನುತ್ತಾರೆ. ಹಾಡಿಗಾಗಿ ನುಡಿಸುವುದೆಂದರೆ ಕಡಿಮೆ ನುಡಿಸುವುದು ಎಂದೇ ಅರ್ಥವೇ? ಹಾಗಿದ್ದರೆ ಇಷ್ಟೆಲ್ಲ ತಂತ್ರ ಕಲಿತು ಪ್ರಯೋಜನವೇನು?

ಉತ್ತರ: ಹಾಗೆ ಅರ್ಥವಲ್ಲ. ಬೇಸ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ಮಾತು ಇದು. ಹೇಳುವವರ ಉದ್ದೇಶ ಬಹುತೇಕ ಸರಿಯಾಗಿಯೇ ಇರುತ್ತದೆ. ಆದರೆ ಹಾಡಿಗೆ ಏನು ಕಿರಿಕಿರಿಯಾಗುತ್ತಿದೆ ಎಂಬುದನ್ನು ಬಿಡಿಸಿ ಹೇಳಲು ಬಾರದೆ ಸ್ವರಗಳ ಸಂಖ್ಯೆಯ ಮೇಲೆ ತಪ್ಪು ಹೊರಿಸಿಬಿಡುತ್ತಾರೆ. ನೀವು ಕಲಿತ ಸ್ಲ್ಯಾಪ್‌ನಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರ ಹುಟ್ಟಿನಲ್ಲೇ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಬೆಳೆದ ಲ್ಯಾರಿ ಗ್ರಹಾಂ ಎಳೆಯ ವಯಸ್ಸಿನಲ್ಲಿ ತಾಯಿಯ ಜೊತೆ ಸಣ್ಣ ತಂಡವೊಂದರಲ್ಲಿ ನುಡಿಸುತ್ತಿದ್ದರು. ಒಂದು ಹಂತದಲ್ಲಿ ಆ ತಂಡಕ್ಕೆ ಡ್ರಮ್ಸ್ ನುಡಿಸುವವರು ಇಲ್ಲವಾದರು. ಆ ಕೊರತೆಯನ್ನು ತುಂಬಲು ಗ್ರಹಾಂ ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನ ಬದಲು ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಬಡಿದರು, ಹರಿತವಾದ ಸದ್ದಿನ ಸ್ನೇರ್ ಡ್ರಮ್ಮಿನ ಬದಲು ಇನ್ನೊಂದು ಬೆರಳಿನಿಂದ ತೆಳುವಾದ ತಂತಿಯನ್ನು ಎಳೆದು ಬಿಟ್ಟರು. ಇಂದು ನಾವೆಲ್ಲ ಕೌಶಲ ತೋರಿಸುವ ವಿದ್ಯೆಯೆಂದು ಕಲಿಯುವ ಸ್ಲ್ಯಾಪ್ ಹೀಗೆ, ಹಾಡಿಗೆ ಇಲ್ಲದಿದ್ದ ಒಂದನ್ನು ಒದಗಿಸಲು ಹುಟ್ಟಿತು. ಮುಂದೆ ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡಕ್ಕೆ ಸೇರಿದ ಅದೇ ಗ್ರಹಾಂ, 1968ರಲ್ಲಿ ಹೊರಬಂದ ‘ಎವ್ರಿಡೇ ಪೀಪಲ್’ ಹಾಡಿನಲ್ಲಿ ಆರಂಭದಿಂದ ಕೊನೆಯವರೆಗೆ ಒಂದೇ ಸ್ವರವನ್ನು ನುಡಿಸಿದ್ದಾರೆ. ಅದರ ಮರುವರ್ಷದ ‘ಥ್ಯಾಂಕ್ ಯೂ’ ಹಾಡಿನಲ್ಲಿ ಅವರ ಹೆಬ್ಬೆರಳೇ ಇಡೀ ಹಾಡನ್ನು ನಡೆಸುತ್ತದೆ. ಎರಡೂ ಹಾಡುಗಳು ಒಬ್ಬನೇ ವಾದಕನ ಕೈಯಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವು. ಸ್ವರಗಳನ್ನು ಎಣಿಸುತ್ತ ಕುಳಿತರೆ ಈ ಎರಡರಲ್ಲಿ ಯಾವುದು ಹಾಡಿಗಾಗಿ ನುಡಿಸಿದ್ದು ಎಂದು ತೀರ್ಮಾನಿಸಲು ಸಾಧ್ಯವೇ ಇಲ್ಲ.

ಇನ್ನೂ ಗಟ್ಟಿಯಾದ ಸಾಕ್ಷಿ ಜೇಮ್ಸ್ ಜೇಮರ್ಸನ್. ಬೇಸ್ ಕಲಿಯುವವರು ಒಬ್ಬರನ್ನೇ ಆಳವಾಗಿ ಕೇಳಬೇಕೆಂದರೆ ಯಾರನ್ನು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುವ ಹೆಸರು ಇದು. 1936ರಲ್ಲಿ ಸೌತ್ ಕ್ಯಾರೊಲಿನಾದ ಎಡಿಸ್ಟೊ ದ್ವೀಪದಲ್ಲಿ ಹುಟ್ಟಿದ ಜೇಮರ್ಸನ್ 1954ರಲ್ಲಿ ಡೆಟ್ರಾಯಿಟ್‌ಗೆ ಬಂದು, ಮೊದಲು ನಿಂತು ನುಡಿಸುವ ದೊಡ್ಡ ಡಬಲ್ ಬೇಸ್ ಕಲಿತರು. ಆಮೇಲೆ ಅಲ್ಲಿನ ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯ ಪುಟ್ಟ ಸ್ಟುಡಿಯೋದಲ್ಲಿ, ಫಂಕ್ ಬ್ರದರ್ಸ್ ಎಂದು ಹೆಸರಾದ ವಾದಕರ ಗುಂಪಿನಲ್ಲಿ ಕುಳಿತು, 1960ರ ದಶಕದ ಎಷ್ಟೋ ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದರು. ಹಾಡುಗಳು ಜಗತ್ತನ್ನೆಲ್ಲ ಸುತ್ತಿದವು. ಆದರೆ ಆ ವರ್ಷಗಳ ರೆಕಾರ್ಡುಗಳ ಹೊದಿಕೆಯ ಮೇಲೆ ವಾದಕರ ಹೆಸರನ್ನು ಅಚ್ಚು ಹಾಕುವ ರೂಢಿ ಮೋಟೌನ್‌ನಲ್ಲಿ ಇರಲಿಲ್ಲ. 1983ರಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 47 ವರ್ಷ. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಹಿನ್ನೆಲೆ ವಾದಕರನ್ನು ಗೌರವಿಸಲು ಆರಂಭಿಸಿದ್ದು 2000ದಲ್ಲಿ; ಆ ಮೊದಲ ಪಟ್ಟಿಯಲ್ಲಿ ಅವರ ಹೆಸರಿತ್ತು. ಈ ತಡವಾದ ಮನ್ನಣೆಯನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಅವರ ತಂತ್ರವನ್ನು ಪುಸ್ತಕದ ಲೆಕ್ಕದಲ್ಲಿ ನೋಡಿದರೆ ಬಡವಾಗಿ ಕಾಣಬಹುದು. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಒಂದಾದ ಮೇಲೆ ಒಂದರಂತೆ ಬಳಸಿ ಮೀಟಬೇಕೆಂದು ನಮಗೆಲ್ಲ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ಜೇಮರ್ಸನ್ ಡಬಲ್ ಬೇಸಿನಿಂದ ತಂದ ಅಭ್ಯಾಸದಂತೆ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಕೊಕ್ಕೆಯಂತೆ ಬಾಗಿದ ಆ ಬೆರಳಿಗೆ ‘ದ ಹುಕ್’ ಎಂಬ ಅಡ್ಡಹೆಸರೇ ಇತ್ತು. 1962ರ ಫೆಂಡರ್ ಪ್ರಿಸಿಷನ್ ಬೇಸು, ಫ್ರೆಟ್‌ಗಳಿಂದ (ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ) ಸಾಕಷ್ಟು ಎತ್ತರದಲ್ಲಿ ಬಿಗಿದ ದಪ್ಪನೆಯ ನುಣುಪು ತಂತಿಗಳು, ತಂತಿಗಳ ತುದಿಯನ್ನು ಹಿಡಿದಿಡುವ ಬ್ರಿಡ್ಜ್‌ನ ಮುಚ್ಚಳದ ಅಡಿಯಲ್ಲಿ ತಂತಿಗೆ ಒತ್ತಿಕೊಂಡ ಒಂದು ಸ್ಪಂಜಿನ ತುಂಡು, ಇಷ್ಟೇ ಅವರ ಸರಂಜಾಮು. ತಂತಿ ಹಳತಾಗಿ ಹೊಳಪು ಕಳೆದುಕೊಂಡರೂ ಬದಲಿಸುತ್ತಿರಲಿಲ್ಲ. ಸ್ಪಂಜು ಒತ್ತಿದ್ದರಿಂದ ಸ್ವರ ಎದ್ದ ಕೂಡಲೇ ಅಡಗುತ್ತಿತ್ತು, ಮೃದಂಗದ ಎಡಭಾಗದ ಗುಂಕಿಯಂತೆ ದುಂಡಗೆ ಕೇಳಿಸುತ್ತಿತ್ತು.

ಈಗ ಅವರ ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳಿ. ಟೆಂಪ್ಟೇಷನ್ಸ್ ತಂಡದ 1964ರ ‘ಮೈ ಗರ್ಲ್’ ಹಾಡು ಬೇಸ್‌ನಿಂದಲೇ ತೊಡಗುತ್ತದೆ: ಒಂದು ಸ್ವರ, ಒಂದಿಷ್ಟು ಮೌನ, ಮತ್ತೆ ಎರಡು ಸ್ವರ. ಅವೂ ಷಡ್ಜ ಮತ್ತು ಪಂಚಮ ಮಾತ್ರ. ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತಿದಂತೆ ಏರುತ್ತದೆ. ನಮ್ಮ ಕಿವಿಗೆ ಅದು ಸ ರಿ ಗ ಪ ದ ಸ, ಥೇಟ್ ಮೋಹನದ ಆರೋಹಣ. ಗಿಟಾರ್ ಹೀಗೆ ಏರುವಾಗ ಬೇಸ್ ಒಂದು ಸ್ವರವನ್ನು ಹೆಚ್ಚಿಗೆ ನುಡಿಸಿದ್ದರೂ ಆ ಏರಿಕೆಯ ಚೆಲುವಿಗೆ ಪೆಟ್ಟು ಬೀಳುತ್ತಿತ್ತು. ಇನ್ನು ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿನಲ್ಲಿ ಅದೇ ಬೆರಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕಾರ್ಡಿನ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛದ, ಸ್ವರಗಳ ನಡುವಿನ ಸಂದುಗಳಲ್ಲಿ ನುಸುಳುತ್ತದೆ, ಎಣಿಕೆಗಿಂತ ಅರೆಗಳಿಗೆ ಮೊದಲೇ ಕಾಲಿಡುತ್ತದೆ, ಒತ್ತದೆ ಬಿಟ್ಟ ತಂತಿಗಳನ್ನು ದಾರಿಯಲ್ಲಿ ಮುಟ್ಟಿಕೊಂಡು ಸಾಗುತ್ತದೆ. ಜೇಮರ್ಸನ್ ಆ ದಿನ ಸ್ಟುಡಿಯೋದ ನೆಲದ ಮೇಲೆ ಮಲಗಿಕೊಂಡೇ ಇದನ್ನು ನುಡಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಇಲ್ಲಿ ಸ್ವರಗಳಿಗೆ ಬರವಿಲ್ಲ, ಆದರೂ ಹಾಡು ಭಾರವಾಗಿಲ್ಲ. ಗೇ ಅವರ ಧ್ವನಿ ಸಾಲುಗಳನ್ನು ಎಳೆದು ಹಿಡಿದು ಹಾಡುತ್ತಿದೆ, ಕಾರ್ಡುಗಳು ನಿಧಾನವಾಗಿ ಬದಲಾಗುತ್ತಿವೆ, ಚಲನೆಗೆ ಅಲ್ಲಿ ಜಾಗವಿದೆ. ಮೊದಲ ಹಾಡಿನಲ್ಲಿ ಚಲನೆ ಗಿಟಾರಿನದು, ಎರಡನೆಯದರಲ್ಲಿ ಬೇಸಿನದು. ಬ್ಯಾಂಡಿನಲ್ಲಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಸಾಲಿನಲ್ಲಿ ಓಡಾಡುತ್ತಿರುವವರು ಯಾರು, ನಿಂತಿರುವವರು ಯಾರು?

ತಂತ್ರದ ಪ್ರಯೋಜನವೇನು ಎಂದು ಕೇಳಿದ್ದೀರಿ. ಬೇಸ್‌ನಲ್ಲಿ ನಿಜವಾದ ತಂತ್ರ ಸ್ವರವನ್ನು ಆರಂಭಿಸುವುದಕ್ಕಿಂತ ಹೆಚ್ಚಾಗಿ ಅದನ್ನು ನಿಲ್ಲಿಸುವುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇದನ್ನು ನಾನು ತಡವಾಗಿ ಕಲಿತೆ. ವಾದ್ಯಗೋಷ್ಠಿಯೊಂದರಲ್ಲಿ ನುಡಿಸುತ್ತಿದ್ದ ದಿನಗಳಲ್ಲಿ ನಮ್ಮ ತಂಡದ ಲಯ ಜಡವಾಗಿದೆ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು, ಕಾರಣ ಯಾರಿಗೂ ಹೊಳೆದಿರಲಿಲ್ಲ. ಒಂದು ಸಂಜೆ ಅಭ್ಯಾಸವನ್ನು ರೆಕಾರ್ಡ್ ಮಾಡಿ, ಡ್ರಮ್ಸ್ ಮತ್ತು ಬೇಸ್ ಎರಡನ್ನೇ ಕೇಳಿದಾಗ ಕಾರಣ ಸಿಕ್ಕಿತು. ನನ್ನ ಸ್ವರಗಳು ಸರಿಯಾದ ಜಾಗದಲ್ಲೇ ಹುಟ್ಟುತ್ತಿದ್ದವು, ಆದರೆ ಸಾಯುತ್ತಿರಲಿಲ್ಲ. ನಿಮಿಷಕ್ಕೆ 100 ಎಣಿಕೆಯ ಹಾಡಿನಲ್ಲಿ ಒಂದೊಂದು ಎಣಿಕೆಗೆ ಸಿಗುವ ಕಾಲ 0.6 ಸೆಕೆಂಡು. ಒಂದನೆಯ ಎಣಿಕೆಗೆ ಮೀಟಿದ ಸ್ವರ ಎರಡನೆಯ ಎಣಿಕೆಯ ಸ್ನೇರ್ ಏಟಿನ ಮೇಲೂ ಹರಿದು ಹೋಗುತ್ತಿತ್ತು. ಏಟಿಗೆ ಹರಿತವೇ ಉಳಿಯುತ್ತಿರಲಿಲ್ಲ. ಸ್ನೇರ್ ಬೀಳುವ ಹೊತ್ತಿಗೆ ಸ್ವರವನ್ನು ಮುಗಿಸಲು ಕಲಿತ ಮೇಲೆ, ನುಡಿಸುವ ಸ್ವರಗಳಲ್ಲಿ ಒಂದನ್ನೂ ಬದಲಿಸದೆ ತಂಡದ ನಡೆಯೇ ಹಗುರವಾಯಿತು.

ಮುಗಿಸುವುದು ಹೇಳಿದಷ್ಟು ಸುಲಭವಲ್ಲ. ಒತ್ತಿದ ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಿಬಿಟ್ಟರೆ ಖಾಲಿ ತಂತಿ ಮಿಡಿದು ಬೇಡದ ಸ್ವರವೊಂದು ಹೊರಡುತ್ತದೆ. ಬೆರಳು ತಂತಿಯನ್ನು ಬಿಡದೆ ಒತ್ತಡವನ್ನು ಮಾತ್ರ ಬಿಡಬೇಕು. ತಂತಿ ಫ್ರೆಟ್‌ನಿಂದ ಕೂದಲೆಳೆಯಷ್ಟು ಮೇಲೆದ್ದರೆ ಸಾಕು, ಸ್ವರ ಅಲ್ಲೇ ಅಡಗುತ್ತದೆ. ಖಾಲಿ ತಂತಿಯನ್ನೇ ನುಡಿಸಿದ್ದರೆ ಎಡಗೈಯ ಉಳಿದ ಬೆರಳುಗಳನ್ನು ಅದರ ಮೇಲೆ ಮೆತ್ತಗೆ ಮಲಗಿಸಬೇಕು. ತೆಳುವಾದ ತಂತಿಗಳಲ್ಲಿ ನುಡಿಸುವಾಗ ದಪ್ಪ ತಂತಿಗಳು ತಾವಾಗಿ ಗುಂಯ್‌ಗುಡದಂತೆ ಬಲಗೈಯ ಹೆಬ್ಬೆರಳು ಅವುಗಳ ಮೇಲೆ ಒರಗಿರಬೇಕು. ನೀವು ಮೂರು ವರ್ಷ ಬೆರಳುಗಳಿಗೆ ಕೊಟ್ಟ ವ್ಯಾಯಾಮವೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ, ಏಕೆಂದರೆ ಇಷ್ಟು ಸೂಕ್ಷ್ಮವಾದ ಹತೋಟಿ ಗಟ್ಟಿಯಾದ ಕೈಗೆ ಮಾತ್ರ ಒಲಿಯುತ್ತದೆ. ಎಡಗೈ ದಣಿಯುತ್ತಿದ್ದರೆ ಒಂದು ಮಾತು: 34 ಅಂಗುಲದ ತಂತಿಯಿರುವ ವಾದ್ಯದಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದರವರೆಗೆ ಸುಮಾರು 13 ಸೆಂಟಿಮೀಟರ್ ಅಂತರವಿದೆ. ಅಲ್ಲಿ ಫ್ರೆಟ್‌ಗೊಂದು ಬೆರಳೆಂದು ಕೈಯನ್ನು ಹಿಗ್ಗಿಸುವ ಬದಲು, ಡಬಲ್ ಬೇಸ್‌ನವರಂತೆ ಉಂಗುರಬೆರಳು ಮತ್ತು ಕಿರುಬೆರಳನ್ನು ಒಟ್ಟಿಗೆ ಒತ್ತುವುದು ಮೇಲು.

ವೇಗದ ವಿಷಯದಲ್ಲಿ ನಿಮ್ಮ ತಂಡದವರ ಆಕ್ಷೇಪಕ್ಕೆ ಭೌತಿಕವಾದ ಕಾರಣವೂ ಇರಬಹುದು. ಬೇಸ್‌ನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿ ಎಣಿಕೆಗೆ ನಾಲ್ಕು ಸ್ವರದಂತೆ ನುಡಿಸಿದರೆ ಪ್ರತಿ ಸ್ವರಕ್ಕೆ ಸಿಗುವುದು ಸೆಕೆಂಡಿನ ಎಂಟನೆಯ ಒಂದು ಭಾಗ. ಅಂದರೆ ಆ ತಂತಿ ಐದು ಸಲ ಕಂಪಿಸುವಷ್ಟರಲ್ಲಿ ಮುಂದಿನ ಸ್ವರ ಬಂದಿರುತ್ತದೆ. ಅಷ್ಟರಲ್ಲಿ ಅದು ಯಾವ ಸ್ವರವೆಂದು ಕಿವಿಗೆ ಸ್ಪಷ್ಟವಾಗುವುದು ಕಷ್ಟ. ನಮ್ಮ ಕಲ್ಯಾಣ ಮಂಟಪಗಳಂಥ ಬರಿಗೋಡೆಯ ಹಾಲುಗಳಲ್ಲಿ ತಗ್ಗಿನ ಧ್ವನಿ ಇನ್ನಷ್ಟು ಹೊತ್ತು ಗುನುಗುತ್ತ ಉಳಿಯುವುದರಿಂದ, ಮನೆಯಲ್ಲಿ ಹೆಡ್‌ಫೋನಿನೊಳಗೆ ಮುತ್ತು ಪೋಣಿಸಿದಂತೆ ಕೇಳಿದ ಓಟ ಅಲ್ಲಿ ಬರೀ ಗದ್ದಲವಾಗುತ್ತದೆ. ಅದೇ ಓಟವನ್ನು ಒಂದು ಸ್ಥಾಯಿ ಮೇಲೆ, ತೆಳುವಾದ ತಂತಿಗಳಲ್ಲಿ ನುಡಿಸಿ ನೋಡಿ. ‘ಅಷ್ಟೆಲ್ಲ ಬೇಡ’ ಎಂದವರೇ ತಲೆದೂಗುವ ಸಾಧ್ಯತೆಯಿದೆ.

ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರ ಹೆಸರನ್ನು ಹೇಳದಿದ್ದರೆ ಇಲ್ಲಿ ಕೊರತೆಯಾಗುತ್ತದೆ, ಏಕೆಂದರೆ ‘ಬಹಳ ನುಡಿಸುವವರು’ ಎಂದಾಗ ಎಲ್ಲರ ಬಾಯಿಗೆ ಬರುವುದು ಅವರೇ. ಫ್ರೆಟ್‌ಗಳನ್ನು ಕಿತ್ತುಹಾಕಿದ ಜಾಝ್ ಬೇಸ್ ಅವರ ವಾದ್ಯ. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದು ವೀಣೆಯ ಗಮಕ ಕೇಳಿ ಬೆಳೆದ ನಮಗೆ ಬೇಗ ಆಪ್ತವಾಗುತ್ತದೆ. 1976ರಲ್ಲಿ ಗಾಯಕಿ ಜೋನಿ ಮಿಚೆಲ್ ಅವರ ‘ಹೆಜೈರಾ’ ಆಲ್ಬಮ್ಮಿನ ನಾಲ್ಕು ಹಾಡುಗಳಿಗೆ ಅವರು ನುಡಿಸಿದರು. ಅವುಗಳಲ್ಲಿ ಹೆಚ್ಚಿನವಕ್ಕೆ ಡ್ರಮ್ಸ್ ಇಲ್ಲ. ಗಿಟಾರು ಮತ್ತು ಗಾಯಕಿಯ ಧ್ವನಿಯ ಸುತ್ತ ವಿಶಾಲವಾದ ಬಯಲಿದೆ. ಜಾಕೊ ಆ ಬಯಲಿನಲ್ಲಿ ಎರಡನೆಯ ಗಾಯಕನಂತೆ ನಡೆಯುತ್ತಾರೆ. ಮಿಚೆಲ್ ಸಾಲು ಹಾಡುವಾಗ ತಗ್ಗುತ್ತಾರೆ, ಸಾಲು ಮುಗಿದಾಗ ಮೇಲಿನ ಸ್ಥಾಯಿಗೆ ಏರುತ್ತಾರೆ. ಆ ಹಾಡುಗಳಲ್ಲಿ ಅವರು ಬರೀ ಷಡ್ಜ ಹಿಡಿದು ನಿಂತಿದ್ದರೆ ಹಾಡಿಗೇ ನಷ್ಟವಾಗುತ್ತಿತ್ತು.

ಪಕ್ಕವಾದ್ಯದ ಪರಂಪರೆಯಿರುವ ನಮಗೆ ಇದು ಹೊಸ ಮಾತಲ್ಲ. ಕೃತಿಯ ಸಾಹಿತ್ಯ ಹರಿಯುವಾಗ ಸರಳವಾಗಿ ಹರಿಯುವ ಸರ್ವಲಘುವಿನ ನಡೆಯಲ್ಲಿ ಹಿಡಿದು ನಡೆಸುವ ಮೃದಂಗದವರೇ, ಲಯವಾದ್ಯಕ್ಕೇ ಮೀಸಲಾದ ತನಿ ಆವರ್ತನದಲ್ಲಿ ಲೆಕ್ಕಾಚಾರದ ಕೋಟೆ ಕಟ್ಟುತ್ತಾರೆ. ತನಿಗೆ ಬೇಕಾದ ಸಾಧನೆ ಇಲ್ಲದವರ ಸರ್ವಲಘುವಿನಲ್ಲಿ ಜೀವವಿರುವುದಿಲ್ಲ ಎಂಬುದು ಕೇಳುಗರಿಗೂ ಗೊತ್ತು. ಕನ್ನಡದ ಹಾಡಿನಲ್ಲೇ ಬೇಸ್ ಕೇಳಬೇಕೆಂದಿದ್ದರೆ 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದ ‘ನಗುವಾ ನಯನಾ’ವನ್ನು ಹೆಡ್‌ಫೋನ್ ಹಾಕಿಕೊಂಡು, ಗಾಯಕರನ್ನು ಮರೆತು, ತಗ್ಗಿನ ಸಾಲೊಂದನ್ನೇ ಹಿಂಬಾಲಿಸಿ ಕೇಳಿ. ಸಂಗೀತ ನಿರ್ದೇಶಕ ಇಳಯರಾಜ ವಾದ್ಯಗಳ ಭಾಗವನ್ನು ಸ್ವರಲಿಪಿಯಲ್ಲಿ ಬರೆದುಕೊಡುವವರು. ಅವರ ಹಾಡುಗಳಲ್ಲಿ ಬೇಸ್ ಬರಿಯ ಆಸರೆಯಾಗಿ ಉಳಿಯುವುದು ಅಪರೂಪ.

ಹಾಗಾಗಿ ಮುಂದಿನ ಅಭ್ಯಾಸದ ದಿನ ಹೀಗೆ ಮಾಡಿ. ಫೋನನ್ನು ಡ್ರಮ್ಸ್ ಮತ್ತು ನಿಮ್ಮ ಆಂಪ್ಲಿಫೈಯರ್ ನಡುವೆ ಇಟ್ಟು ಒಂದೇ ಹಾಡನ್ನು ಎರಡು ಸಲ ರೆಕಾರ್ಡ್ ಮಾಡಿ: ಒಮ್ಮೆ ನಿಮಗೆ ತೋಚಿದಂತೆ, ಇನ್ನೊಮ್ಮೆ ಅವೇ ಸ್ವರಗಳನ್ನು ಸ್ನೇರ್ ಬೀಳುವ ಮುನ್ನ ಮುಗಿಸುತ್ತ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸ್ವರ ಸರಿಯಾಗಿ ಬಾರದು, ಹೆಡ್‌ಫೋನಿನಲ್ಲೇ ಕೇಳಿ. ಎರಡನ್ನೂ ಯಾವುದು ಯಾವುದೆಂದು ಹೇಳದೆ ಬ್ಯಾಂಡಿನವರಿಗೆ ಕೇಳಿಸಿ. ಎರಡನೆಯದನ್ನು ಅವರು ಮೆಚ್ಚಿದರೆ, ನಿಮ್ಮ ಒಂದು ಸ್ವರವನ್ನೂ ಕೈಬಿಡಬೇಕಾಗಿಲ್ಲ. ಆಗಲೂ ‘ಅಷ್ಟೆಲ್ಲ ಬೇಡ’ ಎಂದರೆ, ಯಾವ ಸಾಲಿನಲ್ಲಿ ಬೇಡ ಎಂದು ಕೇಳಿ, ಆ ಸಾಲಿನಲ್ಲಿ ಮಾತ್ರ ‘ಮೈ ಗರ್ಲ್’ನಂತೆ ಮೂರೇ ಸ್ವರ ನುಡಿಸಿ, ಸಾಲು ಮುಗಿದ ಮೇಲೆ ಸಿಗುವ ಖಾಲಿ ಜಾಗದಲ್ಲಿ ನಿಮ್ಮ ಹೆಬ್ಬೆರಳನ್ನು ಬಳಸಿ.