ಲೈಟ್ ದೂರ ಹೋದರೆ ಎಷ್ಟು ಸ್ಟಾಪ್ ಕಡಿಮೆ?

ಕೀ ಲೈಟ್, ಫಿಲ್ ಲೈಟ್, ಬ್ಯಾಕ್ ಲೈಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊದಲನೆಯದು ಮುಖದ ಮೇಲೆ ಬೀಳುವ ಮುಖ್ಯ ಬೆಳಕು. ಎರಡನೆಯದು ಅದರ ನೆರಳನ್ನು ತಿಳಿ ಮಾಡುತ್ತದೆ. ಮೂರನೆಯದು ತಲೆಗೂ ಭುಜಕ್ಕೂ ಹಿಂದಿನಿಂದ ಅಂಚು ಕೊಡುತ್ತದೆ. ನಾನು ಸಿಕ್ಕಿಕೊಂಡದ್ದು ದೂರದ ಲೆಕ್ಕದಲ್ಲಿ. ಈಗಷ್ಟೇ ಬಿಡಿಸಿಕೊಂಡಿದ್ದೇನೆ, ಮರೆಯುವ ಮುಂಚೆ ಬರೆದಿಡುತ್ತೇನೆ.

ಲೈಟನ್ನು ಎರಡು ಪಟ್ಟು ದೂರ ಇಟ್ಟರೆ ಬೆಳಕು ಅರ್ಧ ಆಗಬೇಕು ಅಲ್ವಾ? ಇಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಸೂತ್ರ ಎಷ್ಟು ಸಲ ಓದಿದರೂ ಇದು ತಲೆಗೆ ಹತ್ತಲಿಲ್ಲ. ಕೊನೆಗೆ ಒಂದು ರಟ್ಟಿನಲ್ಲಿ 2 ಸೆಂ.ಮೀ. ಚೌಕದ ತೂತು ಕೊರೆದು, ಫೋನಿನ ಟಾರ್ಚ್‌ಗೆ 10 ಸೆಂ.ಮೀ. ಮುಂದೆ ಹಿಡಿದೆ. ಟಾರ್ಚ್‌ನಿಂದ ಗೋಡೆ 1 ಮೀಟರ್ ದೂರ ಇದ್ದಾಗ ಬೆಳಕಿನ ಚೌಕ ಸುಮಾರು 20 ಸೆಂ.ಮೀ. ಬಂತು. ರಟ್ಟು, ಟಾರ್ಚ್ ಎರಡನ್ನೂ ಹಾಗೇ ಹಿಡಿದು 2 ಮೀಟರ್‌ಗೆ ಸರಿದೆ. ಚೌಕ 40 ಸೆಂ.ಮೀ. ಆಯಿತು. ಅಗಲ ಎರಡು ಪಟ್ಟು, ಎತ್ತರವೂ ಎರಡು ಪಟ್ಟು. ಅಂದರೆ ಮೊದಲಿನ ಚೌಕಗಳು ನಾಲ್ಕು ಹಿಡಿಯುವಷ್ಟು ಜಾಗ! ತೂತಿನಿಂದ ಬರುವ ಬೆಳಕು ಮಾತ್ರ ಅಷ್ಟೇ. ಅದೇ ಈಗ ನಾಲ್ಕು ಪಾಲಾಗಿದೆ. ನಾನು ಇಷ್ಟು ದಿನ ಅಗಲವನ್ನಷ್ಟೇ ಲೆಕ್ಕಕ್ಕೆ ಹಿಡಿದು ಎತ್ತರವನ್ನು ಬಿಟ್ಟಿದ್ದೆ.

ಒಂದು ಸ್ಟಾಪ್ ಇಳಿಸುವುದು ಅಂದರೆ ಬೆಳಕು ಅರ್ಧ. ಹಾಗಾಗಿ ಕಾಲು ಭಾಗ ಅಂದರೆ 2 ಸ್ಟಾಪ್.

ಇಲ್ಲಿ ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಒಂದಿದೆ. ಅಪರ್ಚರ್ ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ತೂತು. ಅದರ ಅಂಕಿಗಳು ಬಾಯಿಪಾಠ ಇದೆಯಲ್ಲ: 1.4, 2, 2.8, 4, 5.6, 8, 11. ಒಂದೊಂದು ಅಂಕಿ ಮುಂದೆ ಹೋದಂತೆ ಒಂದೊಂದು ಸ್ಟಾಪ್ ಕಡಿಮೆ. ಅವನ್ನೇ ಮೀಟರ್ ಅಂತ ಓದಿ. ಲೈಟ್ 2 ಮೀಟರ್‌ನಿಂದ 2.8ಕ್ಕೆ ಹೋದರೆ ಒಂದು ಸ್ಟಾಪ್ ಕಡಿಮೆ. 2.8ರಿಂದ 4ಕ್ಕೆ ಹೋದರೆ ಇನ್ನೊಂದು. ಎರಡೂ ಕಡೆ ಒಂದೇ ಅಂಕಿ ಬರುವುದು ಸುಮ್ನೆ ಅಲ್ಲ. ಅಪರ್ಚರ್‌ನಲ್ಲೂ ಲೆಕ್ಕಕ್ಕೆ ಬರುವುದು ತೂತಿನ ಅಗಲ ಅಲ್ಲ, ಅದರ ವಿಸ್ತಾರ. 1.4 ಅನ್ನು 1.4ರಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ 2 ಬರುತ್ತದೆ. ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿ ಹರಡುವ ಬಟ್ಟೆಯ ಪೆಟ್ಟಿಗೆ) ತೀರಾ ಹತ್ತಿರ ಇದ್ದಾಗ ಮಾತ್ರ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ.

ಈಗ ರಂಗದ ಮೇಲೆ ನೋಡೋಣ. ಲೈಟ್ ನಟನಿಂದ 1 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಅವನು ಒಂದು ಮೀಟರ್ ಹಿಂದೆ ಸರಿದರೆ 2 ಸ್ಟಾಪ್ ಹೋಯಿತು. ಅದೇ ಲೈಟ್ 8 ಮೀಟರ್ ದೂರದಲ್ಲಿದ್ದರೆ? 8ರಿಂದ 9ಕ್ಕೆ ಸರಿದಾಗ ಹೋಗುವುದು ಸುಮಾರು ಮೂರನೇ ಒಂದು ಸ್ಟಾಪ್ ಅಷ್ಟೇ. ನಟರು ಒಂದೆರಡು ಹೆಜ್ಜೆ ಆಚೀಚೆ ಆದರೂ ದೂರದ ಲೈಟಿನಲ್ಲಿ ಮುಖದ ಬೆಳಕು ಹೆಚ್ಚೇನೂ ಬದಲಾಗದೆ ಇರುವುದು ಇದರಿಂದಲೇ. ಸ್ಟುಡಿಯೋದಲ್ಲಿ ಇದನ್ನೇ ತಿರುಗಿಸಿ ಬಳಸಿ. ಹಿನ್ನೆಲೆ ಕಪ್ಪಾಗಬೇಕಾ? ಲೈಟನ್ನು ಮುಖದ ಹತ್ತಿರ ತಂದು ಅಪರ್ಚರ್ ಕಿರಿದು ಮಾಡಿ. ಆಗ ಲೈಟಿನಿಂದ ಹಿನ್ನೆಲೆ ಮುಖಕ್ಕಿಂತ ಎಷ್ಟೋ ಪಟ್ಟು ದೂರ ಆಗುತ್ತದೆ.

ಇನ್ನು ಬಣ್ಣ. ರಂಗದ ಟಂಗ್‌ಸ್ಟನ್ ಲೈಟ್ ಸುಮಾರು 3200 ಕೆಲ್ವಿನ್ (ಬೆಳಕಿನ ಬಣ್ಣ ಹೇಳುವ ಅಳತೆ, ಕಡಿಮೆ ಇದ್ದಷ್ಟೂ ಹಳದಿ), ಹಗಲು ಬೆಳಕು ಸುಮಾರು 5600. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಕ್ಯಾಮೆರಾ ಮಾಡುವ ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಟ್ಟರೆ ಬೇಕೆಂದೇ ಲೈಟಿಗೆ ಹಾಕಿದ ಜೆಲ್ (ಬಣ್ಣದ ಹಾಳೆ) ಬಣ್ಣವನ್ನೂ ಕ್ಯಾಮೆರಾ ತಿದ್ದಲು ಹೋಗುತ್ತದೆ. 3200ಕ್ಕೆ ನಿಲ್ಲಿಸಿಬಿಡಿ. ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿ, ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್‌ನಲ್ಲಿರಲಿ, ಗುರಿ ಮುಖದ ಮೇಲಿರಲಿ. ಇಲ್ಲದಿದ್ದರೆ ಕ್ಯಾಮೆರಾ ಹಿಂದಿನ ಕಪ್ಪು ಪರದೆಯನ್ನು ಬೂದು ಮಾಡಲು ಹೋಗಿ ಮುಖವನ್ನು ಬಿಳಿಚಿಸುತ್ತದೆ.