ವಿಶ್ರಾಂತಿ ಮರೆತ ಗುಲಾಬಿ

ಅಕ್ಟೋಬರ್ ಎರಡನೇ ವಾರ ಬಂತೆಂದರೆ ಪುಣೆಯ ನಮ್ಮ ತಾರಸಿಯಲ್ಲಿ ಗುಲಾಬಿಗೆ ಕತ್ತರಿ ಬೀಳುತ್ತದೆ. ಇಲ್ಲಿನವರು ಇದಕ್ಕೆ ಛಾಟಣಿ ಎನ್ನುತ್ತಾರೆ. ಮೊದಲ ವರ್ಷ, ಧಾರವಾಡದಿಂದ ಬಂದ ಪಕ್ಕದ ಮನೆ ಕಾಕು ನನ್ನ ಕೈ ಹಿಡಿದು ನಿಲ್ಲಿಸಿದ್ದರು. "ಇನ್ನೂ ಮೊಗ್ಗು ಅದಾವಲ್ಲವಾ, ಯಾಕ ಕಡೀತಿ?"

ಮೊಗ್ಗು ಇನ್ನೂ ಬರುತ್ತಲೇ ಇದೆ, ಅದಕ್ಕೇ ಕಡಿಯಬೇಕು. ಕಾಡು ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತವೆ. ಯುರೋಪಿನ ಹಳೆಯ ತೋಟದ ಗುಲಾಬಿಗಳೂ ಬಹುಪಾಲು ಹಾಗೇ ಇದ್ದವು. ಮತ್ತೆ ಮತ್ತೆ ಹೂ ಬಿಡುವ ಗಿಡಗಳು ಚೀನಾದ ತೋಟಗಳಲ್ಲಿದ್ದವು. 18ನೇ ಶತಮಾನದ ಕೊನೆಯ ಹೊತ್ತಿಗೆ ಅವು ಹಡಗು ಹತ್ತಿ ಯುರೋಪಿಗೆ ಹೋದವು. ಕೆಲವು ನಮ್ಮ ಕಲ್ಕತ್ತೆಯ ಮೂಲಕ ಹೋಗಿದ್ದರಿಂದ ಅವಕ್ಕೆ ಬಂಗಾಳ ಗುಲಾಬಿ ಎಂಬ ಹೆಸರೂ ಬಿತ್ತು. ಯುರೋಪಿನ ಗುಲಾಬಿಗೂ ಇವಕ್ಕೂ ನಂಟು ಬೆಳೆದು, 1867ರಲ್ಲಿ ಫ್ರಾನ್ಸಿನ ಗೀಯೊ ಎಂಬವರ ತೋಟದಿಂದ 'ಲಾ ಫ್ರಾನ್ಸ್' ಎಂಬ ತಳಿ ಬಂತು. ಆಧುನಿಕ ಗುಲಾಬಿಯ ಲೆಕ್ಕ ಶುರುವಾಗುವುದು ಅಲ್ಲಿಂದ. ಉದ್ದ ಕಾಂಡಕ್ಕೆ ಒಂದೇ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ, ಗೊಂಚಲು ಬಿಡುವ ಫ್ಲೋರಿಬಂಡ, ಪುಟ್ಟ ಮಿನಿಯೇಚರ್ ಎಲ್ಲವೂ ಈ ಗುಂಪಿನವೇ.

ಈ ಗಿಡಗಳಿಗೆ ಸುಮ್ಮನಿರಲು ಯಾಕೆ ಆಗುವುದಿಲ್ಲ? 2012ರಲ್ಲಿ ವಿಜ್ಞಾನಿಗಳು ಉತ್ತರ ಕಂಡುಕೊಂಡರು. ಗುಲಾಬಿಯಲ್ಲಿ "ಈಗ ಹೂ ಬೇಡ" ಎಂದು ತಡೆಯುವ ಒಂದು ಜೀನ್ ಇದೆ. ಚೀನಾದ ಗುಲಾಬಿಯಲ್ಲಿ ಜಾಗ ಬದಲಿಸುವ ಡಿಎನ್ಎ ತುಣುಕೊಂದು ಅದರೊಳಗೆ ಬಂದು ಕೂತಿದೆ. ತಡೆ ಕೆಟ್ಟಿತು. ಹುಟ್ಟಿದ ಚಿಗುರೆಲ್ಲ ತುದಿಯಲ್ಲಿ ಹೂವಾಗತೊಡಗಿತು. ಕೆಟ್ಟ ಬೀಗವೊಂದು ಇಷ್ಟು ಚೆಲುವನ್ನು ಹೊರಗೆ ಬಿಟ್ಟಿತಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಚಳಿದೇಶದಲ್ಲಿ ಹಿಮ ಬಿದ್ದು ಗಿಡವನ್ನು ಮಲಗಿಸುತ್ತದೆ. ಪುಣೆಯಲ್ಲಿ ಆ ಕೆಲಸ ನಾವೇ ಮಾಡಬೇಕು. ಮಳೆ ನಿಂತ ಮೇಲೆ ಒಣಗಿದ, ಸೊರಗಿದ, ಒಳಕ್ಕೆ ತಿರುಗಿದ ಕೊಂಬೆ ತೆಗೆಯಿರಿ. ಗಟ್ಟಿಯಾದ ನಾಲ್ಕೈದು ಉಳಿಸಿ, ಒಂದೂವರೆ ಅಡಿಗೆ ತನ್ನಿ. ಹೊರಮುಖದ ಕಣ್ಣಿನ, ಅಂದರೆ ಚಿಗುರೊಡೆಯುವ ಜಾಗದ, ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಕಡೆ ತಿರುಳು ಕಂದಾಗಿದ್ದರೆ ಬೆಳ್ಳಗೆ ಕಾಣುವವರೆಗೆ ಇನ್ನೂ ಕೆಳಗೆ ಹೋಗಿ. ಆಮೇಲೆ ಸೆಗಣಿ ಗೊಬ್ಬರ, ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು. ಸುಮಾರು 45 ದಿನಕ್ಕೆ ಹೂ. ಆಗ ರಾತ್ರಿ ತಣ್ಣಗಿರುವುದರಿಂದ ಮೊಗ್ಗು ನಿಧಾನವಾಗಿ ಬೆಳೆಯುತ್ತದೆ, ಹೂ ದೊಡ್ಡದಾಗುತ್ತದೆ, ಬಣ್ಣ ಗಾಢವಾಗುತ್ತದೆ. ಪುಣೆ ಹತ್ತಿರದ ಮಾವಳ, ತಳೇಗಾವ್ ಕಡೆ ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ) ಗುಲಾಬಿ ಬೆಳೆಯುವ ರೈತರೂ ಫೆಬ್ರವರಿ 14ರಿಂದ ಹಿಂದಕ್ಕೆ ದಿನ ಎಣಿಸಿಯೇ ಗಿಡ ತಯಾರು ಮಾಡುತ್ತಾರೆ. ಮುಂಬೈ, ಗೋವಾದ ಸೆಕೆಗೆ ಫ್ಲೋರಿಬಂಡ, ಮಿನಿಯೇಚರ್ ವಾಸಿ.

ಮಳೆಗಾಲದ ದೊಡ್ಡ ತೊಂದರೆ ಎಲೆಯ ಕಪ್ಪುಚುಕ್ಕೆ. ಇದಕ್ಕೂ ಒಂದು ಹಿನ್ನೆಲೆ ಇದೆ. 1900ರಲ್ಲಿ ಬಂದ 'ಸೊಲೈ ಡೋರ್' ಎಂಬ ತಳಿಯ ಮೂಲಕ ಪರ್ಷಿಯಾ ಕಡೆಯ ಹಳದಿ ಗುಲಾಬಿಯ ಬಣ್ಣ ಆಧುನಿಕ ತಳಿಗಳಿಗೆ ಬಂತು. ಜೊತೆಗೆ ಈ ರೋಗಕ್ಕೆ ಬೇಗ ಬಲಿಯಾಗುವ ಗುಣವೂ ಬಂತು. ಎಲೆ ಗಂಟೆಗಟ್ಟಲೆ ಒದ್ದೆ ಇದ್ದರೆ ಮಾತ್ರ ಈ ರೋಗದ ಶಿಲೀಂಧ್ರ ಒಳಹೋಗುತ್ತದೆ. ಹಾಗಾಗಿ ಬೆಳಿಗ್ಗೆಯೇ ಬುಡಕ್ಕೆ ನೀರು ಹಾಕಿ, ಎಲೆ ತೋಯಿಸಬೇಡಿ. ಉದುರಿದ ಚುಕ್ಕೆ ಎಲೆ ಕುಂಡದಲ್ಲಿ ಬಿಡಬೇಡಿ.

ಇನ್ನೊಂದು ಮಾತು, ನಾನು ಒಂದು ಗಿಡ ಕಳೆದುಕೊಂಡು ಕಲಿತದ್ದು. ನರ್ಸರಿಯ ಗುಲಾಬಿ ಎಂದರೆ ಕಾಡುಬೇರಿನ ಮೇಲೆ ಕೂರಿಸಿದ ಕಣ್ಣು. ನನ್ನ ಮೊದಲ ಕೆಂಪು ಗುಲಾಬಿಯಲ್ಲಿ ಬುಡದಿಂದ ಜೋರಾಗಿ ಚಿಗುರು ಬಂತು, ಖುಷಿಪಟ್ಟು ಬೆಳೆಸಿದೆ. ಅದು ಕಸಿಯ ಗಂಟಿನ ಕೆಳಗಿನದು. ಊಟವೆಲ್ಲ ಅದಕ್ಕೇ ಹೋಗಿ ಮೇಲಿನ ಕೆಂಪು ಗುಲಾಬಿ ಒಣಗಿತು. ಒಂದು ಎಲೆಕಡ್ಡಿಗೆ ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಅಂತಾರೆ, ಅದನ್ನು ಪೂರ್ತಿ ನಂಬಬೇಡಿ. ಮಣ್ಣು ಸರಿಸಿ, ಚಿಗುರು ಗಂಟಿನ ಮೇಲಿಂದ ಬಂದಿದೆಯಾ, ಕೆಳಗಿಂದಲಾ ನೋಡಿ. ಕೆಳಗಿನದಾದರೆ ಬುಡಸಮೇತ ಕಿತ್ತುಬಿಡಿ.

ಈ ಸಲ ಅಕ್ಟೋಬರ್ 12ಕ್ಕೆ ಛಾಟಣಿ ಆಯಿತು. ನವೆಂಬರ್ 26ಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದವರು ಕಾಕು.